ಪಿಳ್ಳಮ್ಮನ ಬೊಂಬೆಯ ಬೆಲ್‌ಬಾಟಮ್

ಲಗ್ಗೆರೆಯಲ್ಲಿ ರೆಡಿಮೇಡ್ ಅಂಗಡಿ ಇಟ್ಟಿದ್ದ ಶ್ಯಾಮಣ್ಣನ ನಿದ್ದೆ ಕೆಡಿಸಿದ್ದು ಬೆಲ್‌ಬಾಟಮ್. ಎಂಬತ್ತನೇ ಇಸವಿ ಬರುವಷ್ಟರಲ್ಲಿ ಪೀಣ್ಯದ ಕಾರ್ಖಾನೆ ಹುಡುಗರೆಲ್ಲ ಬಿಗಿ ಕಾಲಿನ ಪ್ಯಾಂಟು ಕೇಳತೊಡಗಿದ್ದರು. ಅಗಲ ಕಾಲಿನವು ಅಟ್ಟದ ತುಂಬ ಪೇರಿಕೊಂಡು ಕೂತಿದ್ದವು. ಅವು ಹೋಗದೆ ಹಬ್ಬಕ್ಕೆ ಹೊಸ ಮಾಲು ತರುವಂತಿರಲಿಲ್ಲ.

ಒಂದು ದಿನ, ಬಾಡಿಗೆ ಮನೆಗಳ ಸಾಲು ಕಟ್ಟಿಸುತ್ತಿದ್ದ ಪಿಳ್ಳಮ್ಮ ಬಂದಳು. "ದೃಷ್ಟಿಬೊಂಬೆಗೆ ಒಂದು ಅಳೇ ಪ್ಯಾಂಟ್ ಇದ್ರೆ ಕೊಡಪ್ಪ. ಉಲ್ಲು ತುಂಬಿ ಗೋಡೆ ಮೇಲೆ ಕಟ್ತೀನಿ. ಕಂಡೋರ ಕಣ್ಣು ತಾಕ್‌ಬಾರ್ದು ನೋಡು."

ಬಿಟ್ಟಿ ಜಾಹೀರಾತಾದೀತೆಂದು ಶ್ಯಾಮಣ್ಣ ಹೊಚ್ಚ ಹೊಸ ಕಿತ್ತಳೆ ಬಣ್ಣದ ಬೆಲ್‌ಬಾಟಮ್ಮನ್ನೇ ಕೊಟ್ಟ. ಜಾಹೀರಾತೇನೋ ಆಯಿತು. ಅಂದಿನಿಂದ ಬೆಲ್‌ಬಾಟಮ್ ತೊಟ್ಟವನನ್ನು ಕಂಡರೆ ಹುಡುಗರು, "ಏನ್ ಮಗಾ, ಪಿಳ್ಳಮ್ಮನ ಗೋಡೆಯಿಂದ ಇಳ್ದು ಬಂದ್ಬಿಟ್ಯಾ?" ಎನ್ನತೊಡಗಿದರು. ಉಳಿದಿದ್ದ ಒಬ್ಬಿಬ್ಬರು ಗಿರಾಕಿಗಳೂ ಹೋದರು. ಶ್ಯಾಮಣ್ಣ ತಲೆ ಮೇಲೆ ಕೈ ಹೊತ್ತು ಕೂತ.

ಆದರೆ ಪಿಳ್ಳಮ್ಮನ ಮನೆಗಳು ಗಾರೆ ಒಣಗುವ ಮೊದಲೇ ಬಾಡಿಗೆಗೆ ಹೋದವು. ಅದು ಬೊಂಬೆಯ ಪ್ಯಾಂಟಿನ ಗುಣವೆಂದು ಊರಲ್ಲಿ ಮನೆ ಕಟ್ಟಿಸುತ್ತಿದ್ದವರೆಲ್ಲ ಅಂಗಡಿಗೆ ನುಗ್ಗಿದರು. ನೋಡನೋಡುತ್ತಲೇ ಅಟ್ಟ ಖಾಲಿಯಾಯಿತು.

ತಡವಾಗಿ ಬಂದ ಹನುಮಂತರಾಯಪ್ಪನಿಗೆ ಶ್ಯಾಮಣ್ಣ ಬಿಗಿ ಕಾಲಿನ ಪ್ಯಾಂಟು ತೋರಿಸಿದ. "ಈಗ ಇದೇ ಫ್ಯಾಷನ್ ಕಣಣ್ಣ."

ಹನುಮಂತರಾಯಪ್ಪ ಮೂತಿ ಸೊಟ್ಟ ಮಾಡಿದ. "ಅದನ್ನ ಮನುಸ್ರಿಗೆ ಮಾರ್ಕೋ ಓಗಪ್ಪ. ಊರ್ ಬೊಂಬೆಗಳ ಮುಂದೆ ನಮ್ ಬೊಂಬೆ ಮಾನ ಕಳೀಬೇಡ."