ಕುಳಿಯೊಳಗಿನ ಬಳ್ಳಿ

ಚೂಪು ಮಾಡಿದ ಬೆಂಕಿಕಡ್ಡಿಯ ತುದಿಗೆ ಎಣ್ಣೆಬಟ್ಟೆ ಸುತ್ತಿಕೊಂಡು, ಸೊಸೆ ರಿವಾಲ್ವರಿನ ಪಕ್ಕೆಯ ಮೇಲೆ ಕೆತ್ತಿದ್ದ ಎಲೆಯೊಂದರ ನರದುದ್ದಕ್ಕೂ ಮೆಲ್ಲಗೆ ಎಳೆಯುತ್ತಿದ್ದಳು. ಉಜ್ಜುವಂತಿಲ್ಲ. ಉಜ್ಜಿದರೆ ಹೊಳಪು ಬರುತ್ತದೆ, ಕೆತ್ತನೆ ಹೋಗುತ್ತದೆ. ಈ ಕೆಲಸದಲ್ಲಿ ಮಾವ ಅವಳಿಗೆ ಕಲಿಸಿದ ಮೊದಲ ಪಾಠ ಅದು.

"ಮಧ್ಯಾಹ್ನ ಮ್ಯೂಸಿಯಂನವರು ಬಂದುಬಿಡ್ತಾರೆ. ಮಗುವಿನ ಕಿವಿ ಒರೆಸೋ ಹಾಗೆ ಒರೆಸ್ತಾ ಕೂತಿದ್ದೀರಲ್ಲ ಅತ್ತಿಗೆ," ಎಂದಳು ನಾದಿನಿ, ಪೆಟ್ಟಿಗೆಗಳಿಗೆ ಹತ್ತಿ ತುಂಬುತ್ತಾ. "ಅಪ್ಪ ಒಂದು ದಿನಾನೂ ನನ್ನ ತಲೆ ಬಾಚಿದವರಲ್ಲ. ಇವುಗಳಿಗೆ ಮಾತ್ರ ದಿನಾ ಉಪಚಾರ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ ಮಾವ ನಕ್ಕರು. "ನಿನ್ನ ತಲೆ ಬಾಚೋಕೆ ಬಂದವರನ್ನೆಲ್ಲ ನೀನು ಕಚ್ಚುತ್ತಿದ್ದೆಯಮ್ಮ. ಇವು ಯಾರನ್ನೂ ಕಚ್ಚಲಿಲ್ಲ ನೋಡು."

ನಿಜ. ಗುಂಡು ಹಾರದಂತೆ ಮಾಡಿಸಿಯೇ ಅವರು ಒಂದೊಂದನ್ನೂ ಮನೆಗೆ ತಂದಿದ್ದರು. ಜೀವಮಾನವಿಡೀ ನಕ್ಷೆ ಬರೆಯುವ ಕೆಲಸ ಮಾಡಿದ ಮನುಷ್ಯ, ಮರುಳಾದದ್ದು ಗೆರೆಗೆ. ಮಾರುವವರು ಈ ರಿವಾಲ್ವರ್ ಯಾರ ಸೊಂಟದಲ್ಲಿತ್ತು ಎಂದು ಕಥೆ ಶುರುಮಾಡಿದರೆ, "ಅದು ಬಿಡಿ, ಕೆತ್ತಿದವನು ಯಾರು?" ಎನ್ನುತ್ತಿದ್ದರಂತೆ. ಈಗ ಅವರ ಕಣ್ಣು ಪೂರ್ತಿ ಮಂಜು. ಇಡೀ ಸಂಗ್ರಹವನ್ನು ಮ್ಯೂಸಿಯಂಗೆ ಕೊಡುತ್ತಿದ್ದಾರೆ, ಒಂದನ್ನು ಬಿಟ್ಟು.

ಗಂಡ ತೀರಿಕೊಂಡ ವರ್ಷ ಅವಳು ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ಬಂದವರೆಲ್ಲ ಸಮಾಧಾನ ಹೇಳಿ ಹೋದರು. ಮಾವ ಮಾತ್ರ ಒಂದು ರಿವಾಲ್ವರು, ಒಂದು ಭೂತಗನ್ನಡಿ ಹಿಡಿದು ಬಂದು ಮಂಚದ ಅಂಚಿನಲ್ಲಿ ಕೂತಿದ್ದರು. "ನನ್ನ ಕಣ್ಣು ಕೈಕೊಡ್ತಿದೆ ಮಗಳೇ. ಇಲ್ಲೇನಿದೆ ಹೇಳು." ಎಲೆ ಎಂದಿದ್ದಳು. "ಯಾವ ಕಡೆಗೆ ಬಾಗಿದೆ?" ಅದಕ್ಕೆ ಉತ್ತರ ಹೇಳಲು ಇನ್ನೊಮ್ಮೆ ನೋಡಬೇಕಾಯಿತು. ಬಹಳ ದಿನಗಳ ನಂತರ ಅವಳು ಏನನ್ನಾದರೂ ಎರಡನೇ ಸಲ ನೋಡಿದ್ದು ಅಂದು. ಮಾರನೇ ದಿನ ಇನ್ನೊಂದು ತಂದರು, ಆಮೇಲೆ ಮತ್ತೊಂದು. ಆಗಿನ್ನೂ ಅವರ ಕಣ್ಣು ಚೆನ್ನಾಗಿಯೇ ಇತ್ತೆಂದು ತಿಳಿಯುವ ಹೊತ್ತಿಗೆ ಅವಳು ಮಂಚ ಬಿಟ್ಟೆದ್ದು ಬಹಳ ಕಾಲವಾಗಿತ್ತು.

"ಆರಿಸಿಕೊಂಡೆಯಾ?" ಎಂದರು ಮಾವ. "ನಿನಗೆ ಬೇಕಾದದ್ದು ಒಂದು. ಅವರು ಬರೋ ಮುಂಚೆ ಹೇಳಿಬಿಡು."

"ಇದೊಂದು ಮುಗಿಸಿ ಹೇಳ್ತೀನಿ ಮಾವ."

ಅವಳ ಕೈಯಲ್ಲಿದ್ದದ್ದು ರಾಣಿ. ಆ ರಿವಾಲ್ವರಿಗೆ ಹಾಗೆ ಹೆಸರಿಟ್ಟವರೂ ಮಾವನೇ. ಮೋಟರ್ ಸೈಕಲ್ ಮಾರಿ ತಂದದ್ದು; ಹರಾಜಿನಲ್ಲಿದ್ದ ಘಟಾನುಘಟಿಗಳಿಗೆ ಕಾಣದ್ದು ತನ್ನ ಕಣ್ಣಿಗೆ ಬಿತ್ತು ಎಂದು ಇಂದಿಗೂ ಹೇಳಿ ಮುಗಿಯದು. ಹಳೆಯ ಜಿಡ್ಡನ್ನು ಮುಟ್ಟಬೇಡ ಎಂದು ಅವರೇ ಹೇಳಿದ್ದರಿಂದ ಗುಂಡಿಗೆ ಬಡಿಯುವ ಕುದುರೆಯ ಕೆಳಗಿನ ಕಪ್ಪನ್ನು ಅವಳು ಇಷ್ಟು ದಿನ ಕದಲಿಸಿರಲಿಲ್ಲ. ಜಿಡ್ಡು ತೆಗೆದಿಡಬೇಕೆಂದು ಮ್ಯೂಸಿಯಂನವರು ಹೇಳಿಕಳಿಸಿದ್ದರಿಂದ ಇವತ್ತು ಎಣ್ಣೆ ಬಿಟ್ಟು ನೆನೆಸಿದ್ದಳು. ಅದು ಮೆತ್ತಗಾಗಿ ಎದ್ದು ಬಂದಾಗ ಅಡಿಯಲ್ಲಿ ತುಕ್ಕು ತಿಂದ ಸಣ್ಣ ಕುಳಿ ಕಂಡಿತು.

ಭೂತಗನ್ನಡಿ ಹಿಡಿದಳು. ಕೆತ್ತಿದ ಬಳ್ಳಿಯ ಗೆರೆ ಕುಳಿಯೊಳಗೆ ಇಳಿದು, ತಳದಲ್ಲೂ ಚೂಪಾಗಿ ಹರಿದು, ಆಚೆ ದಡ ಹತ್ತಿತ್ತು. ಕೆತ್ತನೆ ಮೊದಲಾಗಿ ತುಕ್ಕು ಆಮೇಲೆ ಬಂದಿದ್ದರೆ, ತುಕ್ಕು ಗೆರೆಯನ್ನು ತಿಂದುಬಿಡುತ್ತಿತ್ತು. ಇಲ್ಲಿ ತುಕ್ಕು ಹಳೆಯದು, ಬಳ್ಳಿ ಹೊಸದು. ಬೋಳಾಗಿದ್ದ ಹಳೆಯ ರಿವಾಲ್ವರಿಗೆ ಯಾರೋ ಈಚೆಗೆ ಕೆತ್ತನೆ ಹೊದಿಸಿ ಮಾರಿದ್ದರು. ಹೀಗೆ ಪರೀಕ್ಷಿಸಬೇಕೆಂದು ಕಲಿಸಿದವರೂ ಮಾವನೇ.

ಮ್ಯೂಸಿಯಂನವರು ಪ್ರತಿಯೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿ, ಕಂಡದ್ದನ್ನು ಬರೆದು ಕಳಿಸುತ್ತಾರೆ. ನಾದಿನಿ ಅದನ್ನು ಮಾವನಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ.

ಮೇಜಿನ ಆ ತುದಿಯಲ್ಲಿ ಗುಬ್ಬಿ ಎಂದು ಕರೆಯುತ್ತಿದ್ದ ಪುಟ್ಟ ರಿವಾಲ್ವರ್ ಇತ್ತು. ಅಂಗೈಯಗಲದ್ದು. ಒಂದು ಪಕ್ಕ ತುಂಬು ಕೆತ್ತನೆ. ಇನ್ನೊಂದು ಪಕ್ಕ ಸೂಜಿಯಿಂದ ಗುರುತು ಹಾಕಿದ ಎಲೆಗಳು ಮಾತ್ರ, ಉಳಿ ತಾಗಿಲ್ಲ. ಕೆಲಸ ಮಾಡುತ್ತಿದ್ದವನು ಏಕೆ ಎದ್ದು ಹೋದನೋ. ಇಷ್ಟು ದಿನವೂ ಅವಳು ತನಗೆಂದು ಕೇಳಬೇಕೆಂದುಕೊಂಡಿದ್ದು ಈ ಗುಬ್ಬಿಯನ್ನೇ.

"ಗುಬ್ಬಿ ಬೇಕು ಅಂತೀಯೇನೋ," ಎಂದರು ಮಾವ. "ಅದನ್ನ ಎತ್ತಿಕೊಂಡಾಗೆಲ್ಲ ನೀನು ಮಾತು ನಿಲ್ಲಿಸ್ತೀಯ. ಕಣ್ಣು ಹೋದ ಮೇಲೆ ಇಂಥದ್ದೆಲ್ಲ ಕೇಳಿಸುತ್ತೆ ನನಗೆ."

ನಾದಿನಿ ಹತ್ತಿ ಹರಿಯುವುದನ್ನು ನಿಲ್ಲಿಸಿ ಇತ್ತ ನೋಡಿದಳು.

"ರಾಣೀನ ಕೊಡಿ ಮಾವ."

ಮಾವನ ಬೆನ್ನು ನೆಟ್ಟಗಾಯಿತು, ಮಗಳತ್ತ ತಿರುಗಿದರು. "ಕೇಳಿದೆಯಾ? ಕಣ್ಣು ಅಂದ್ರೆ ಇವಳದು. ನಾನು ತಯಾರು ಮಾಡಿದ್ದು."

"ಕಣ್ಣೇನೋ ಸರಿ, ಕೈನೂ ಉದ್ದ ಇದೆ," ಎಂದಳು ನಾದಿನಿ. "ಪಾಪದ ಅತ್ತಿಗೆ ಅಂದ್ಕೊಂಡಿದ್ದೆ. ಇರೋದ್ರಲ್ಲಿ ಒಳ್ಳೇದನ್ನೇ ಹೊಡೆದುಬಿಟ್ರಲ್ಲ."

"ಆಸೆ ಬಿತ್ತಮ್ಮ, ಏನ್ಮಾಡ್ಲಿ," ಎಂದು ಸೊಸೆಯೂ ನಕ್ಕಳು.

ರಾಣಿಯನ್ನು ಬಟ್ಟೆಯಲ್ಲಿ ಸುತ್ತಿ ಒಳಕೋಣೆಯ ಬೀರುವಿನಲ್ಲಿ ತನ್ನ ಸೀರೆಗಳ ಕೆಳಗಿಟ್ಟಳು. ಏನೋ ಕಳೆದುಕೊಂಡೆ ಎನ್ನಿಸಲಿಲ್ಲ. ಮನೆಗೆ ಯಾರೇ ಬಂದರೂ ಇದನ್ನು ಹೊರಗೆ ತೆಗೆಯುವುದಿಲ್ಲ, ಆ ಕುಳಿಯ ಮಾತು ತನ್ನೊಂದಿಗೇ ಮುಗಿಯಬೇಕು ಎಂದು ಬೀರು ಮುಚ್ಚುವಷ್ಟರಲ್ಲಿ ನಿರ್ಧರಿಸಿಯಾಗಿತ್ತು. ಹೊರಗೆ ಬಂದು, ಗುಬ್ಬಿಯ ಪೆಟ್ಟಿಗೆಗೆ ಇನ್ನಷ್ಟು ಹತ್ತಿ ಹಾಕು ಎಂದು ನಾದಿನಿಗೆ ಹೇಳಿದಳು.