ತೊಳೆದು ಕೊಟ್ಟ ಬಟ್ಟಲು

ವಿಶಾಖಾ ಟೀಚರ್ ಬದುಕುವ ರೀತಿ ನೋಡಿದರೆ ಯಾರಿಗಾದರೂ ಅಯ್ಯೋ ಅನ್ನಿಸಬೇಕು. ಅವಳಿಗೆ ಮಾತ್ರ ಅನ್ನಿಸುತ್ತಿರಲಿಲ್ಲ. ಮಾನ್ವಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಕೋಣೆ, ಅದರಲ್ಲಿ ಚಾಪೆ, ಮಣ್ಣಿನ ಕೊಡ, ಒಂದು ಒಲೆ, ಗೋಡೆಗೆ ಬುದ್ಧನ ಪಟ. ಫ್ರಿಜ್ ಇಲ್ಲ, ಟಿವಿ ಇಲ್ಲ. ಸರಕಾರಿ ಹೈಸ್ಕೂಲಿನ ಕಾಯಂ ಶಿಕ್ಷಕಿ, ಮನಸ್ಸು ಮಾಡಿದ್ದರೆ ಅವೆಲ್ಲ ತಾವಾಗಿ ಮೆಟ್ಟಿಲು ಹತ್ತಿ ಬರುತ್ತಿದ್ದವು. ರಾಯಚೂರಿನ ತಂಗಿ ಮೇಘಾ ಬಂದಾಗಲೆಲ್ಲ ಜಗಳ ತೆಗೆಯುವಳು. "ಅಕ್ಕಾ, ಸಾಯೋವಾಗ ರೊಕ್ಕ ಎಲ್ಲಾ ಹೊತ್ಕೊಂಡು ಹೋಗಾಕಿ ಏನು?" ವಿಶಾಖಾ ನಕ್ಕುಬಿಡುವಳು. ಉರಿಬಿಸಿಲಲ್ಲಿ ಶಾಲೆಯಿಂದ ನಡೆದು ಬಂದು, ಕೊಡದ ನೀರು ಗಟಗಟ ಕುಡಿದು, ಬರಿನೆಲದ ಮೇಲೆ ಬೆನ್ನು ಚಾಚಿದಾಗ ಸಿಗುವ ಸುಖ ತಂಗಿಯ ಎಸಿಯಲ್ಲಿ ಎಲ್ಲಿಂದ ಬರಬೇಕು? ಬಿಸಿ ರೊಟ್ಟಿ, ಪುಂಡಿಪಲ್ಯ, ಒಂದು ಹಸಿ ಉಳ್ಳಾಗಡ್ಡಿ ಇದ್ದರೆ ಬೆರಳು ನೆಕ್ಕಿ ಉಣ್ಣುವಳು. ಏನೂ ಕಡಿಮೆಯಾಗಿದೆ ಎಂದು ಅವಳಿಗೆ ಅನ್ನಿಸಿದ್ದೇ ಇಲ್ಲ.

ಆದರೆ ಉಣ್ಣುವಾಗ ಎದುರಿಗೆ ಯಾರೂ ಇರುತ್ತಿರಲಿಲ್ಲ. ದೇವದುರ್ಗದಲ್ಲಿ ಕೆಲಸಕ್ಕಿದ್ದಾಗಲೂ ಅಷ್ಟೇ. ವರ್ಷಗಟ್ಟಲೆ ಒಂದೇ ಓಣಿಯಲ್ಲಿದ್ದರೂ ಅವಳ ಬಾಗಿಲು ತಟ್ಟಿದವರು ಅಪರೂಪ. ಟಿವಿ ಇಲ್ಲದೆ ಇರುವುದು ಅವಳೇ ಆರಿಸಿಕೊಂಡದ್ದು. ಇದನ್ನು ಅವಳು ಆರಿಸಿಕೊಂಡಿರಲಿಲ್ಲ.

ಹಾಗಾಗಿ ಕೆಳಮನೆಯ ಅನ್ವರಿ ಬೇಗಂ ಎಂದರೆ ಅವಳಿಗೆ ಜೀವ. ಮುಂಭಾಗದ ಕೋಣೆಯಲ್ಲಿ ಬಳೆ ಮಾರಿಕೊಂಡಿರುವ ಈ ವಿಧವೆ ಸಂಜೆಯಾದರೆ ಒಂದು ಬಟ್ಟಲು ಹಿಡಿದು, ಮೊಣಕಾಲಿಗೆ ಶಾಪ ಹಾಕುತ್ತ ಮೆಟ್ಟಿಲು ಹತ್ತುವಳು. ಒಂದಿನ ಖಿಚಡಿ, ಒಂದಿನ ಖಟ್ಟಾ ದಾಲ್. ಹೊಸ್ತಿಲಲ್ಲೇ ಕೂತು ಓಣಿಯ ಸುದ್ದಿಯನ್ನೆಲ್ಲ ಒದರಿ ಹೋಗುವಳು. ವಿಶಾಖಾ ಮರುದಿನ ಬಟ್ಟಲನ್ನು ಫಳಫಳ ತಿಕ್ಕಿ ತೊಳೆದು, ಖಾಲಿಯಾಗಿ, ವಾಪಸು ಕೊಡುವಳು. ಈ ಬಟ್ಟಲೊಂದು ಬರುವುದರಿಂದಲೇ ಸಂಜೆ ಎನ್ನುವುದಕ್ಕೆ ಅವಳ ಪಾಲಿಗೆ ಅರ್ಥವಿತ್ತು.

ರಂಜಾನ್ ಅರ್ಧ ಕಳೆದಿತ್ತು. ಒಂದು ಮಧ್ಯಾಹ್ನ ಬೇಗಂ ಬಟ್ಟಲಿನ ಬದಲು ಒಂದು ದೊಡ್ಡ ಚೀಲ ಹೊತ್ತು ಬಂದಳು. ಅಕ್ಕಿ, ತೊಗರಿಬೇಳೆ, ಎಣ್ಣೆ, ಮೇಲೊಂದು ಹೊಸ ಸೀರೆ.

"ಇದೇನ್ರಿ ಬೇಗಂ?"

"ಖೈರಾತ್ ಅಂತ ಅನ್ಕೋಬ್ಯಾಡ್ರಿ ಟೀಚರಮ್ಮ. ರಂಜಾನ್‌ದಾಗ ಇಲ್ಲದವರಿಗೆ ಕೊಡ್ಬೇಕಂತ ಅದ. ದೂರದವರಿಗೆ ಯಾಕ ಕೊಡ್ಲಿ, ಮಗ್ಗಲಾಗ ನೀವಿದ್ದೀರಿ." ಬೇಗಂ ದನಿ ತಗ್ಗಿಸಿದಳು. "ಗೆಸ್ಟ್ ಟೀಚರ್‌ಗೋಳಿಗೆ ತಿಂಗಳಾನುಗಟ್ಟಲೆ ಪಗಾರ ಆಗಂಗಿಲ್ಲಂತ, ನಂಗೊತ್ತದ. ಬಟ್ಟಲ ಪ್ರತಿ ಸಲ ಖಾಲೀನೇ ಬರ್ತಿತ್ತು. ಅದ್ರಾಗ ಹಾಕಾಕ ಒಂದು ಚಿಟಿಕಿ ಸಕ್ಕರೀನೂ ಇಲ್ಲೇನೋ ಪಾಪ, ಅಂತ ನಾನು ದಿನಾ ತರಾಕತ್ತಿದ್ದೆ."

ವಿಶಾಖಾ ಚೀಲವನ್ನು ಬೇಗಂಳತ್ತಲೇ ಸರಿಸಿದಳು. ಬೇಗಂ ಅದನ್ನು ಸಂಕೋಚ ಎಂದುಕೊಂಡು, ಬೆನ್ನು ಸವರಿ, ಇಳಿದು ಹೋದಳು.

ಆ ಚೀಲದ ಎದುರು ವಿಶಾಖಾ ಬಹಳ ಹೊತ್ತು ಕೂತಳು. ಅವಮಾನಕ್ಕಿಂತ ಹೆಚ್ಚಾಗಿ ದುಃಖ ಉಕ್ಕಿ ಬಂತು. ಗೆಳೆತನ ಎಂದುಕೊಂಡದ್ದು ಕನಿಕರವಾಗಿತ್ತು. ನಿಜ ಹೇಳಿದರೆ ಬೇಗಂ ಮುಖ ಸಣ್ಣದು ಮಾಡಿಕೊಂಡು ಮತ್ತೆ ಮೆಟ್ಟಿಲು ಹತ್ತಲಿಕ್ಕಿಲ್ಲ. ಹೇಳದಿದ್ದರೆ ಹೊಟ್ಟೆ ತುಂಬಿದವಳೊಬ್ಬಳು ಬಡವರ ಪಾಲು ತಿಂದಂತೆ.

ಬಟ್ಟಲನ್ನು ಖಾಲಿ ಕೊಡಬಾರದೆಂದು ಅವಳಿಗೆ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಚಿಕ್ಕವಳಿದ್ದಾಗ ಅವ್ವ ವೆಂಕಮ್ಮ ತಾನು ಕಳೆ ತೆಗೆಯಲು ಹೋಗುತ್ತಿದ್ದ ಹೊಲದ ಒಡತಿಯ ಬಟ್ಟಲಿಗೆ ಹುರಿದ ಶೇಂಗಾ ತುಂಬಿ, ಇವಳ ಕೈಯಲ್ಲೇ ಕೊಟ್ಟು ಕಳಿಸಿದ್ದಳು. ಒಡತಿ ಇವಳ ಕಣ್ಣೆದುರೇ ಅದನ್ನು ಕೋಳಿಗಳಿಗೆ ಸುರಿದು, ಬಟ್ಟಲಿಗೆ ನೀರು ಹೊಯ್ದಳು. ಅತ್ತುಕೊಂಡು ಮನೆಗೆ ಬಂದ ಮಗಳಿಗೆ ಅವ್ವ ಹೇಳಿದ್ದಿಷ್ಟೇ: "ಇನ್ನ ಮ್ಯಾಲೆ ತೊಳದು ಖಾಲಿ ಕೊಡು. ಖಾಲಿ ಕೊಟ್ರ ಯಾರೂ ಚೆಲ್ಲಂಗಿಲ್ಲ." ಅವ್ವನ ಬಡತನದಿಂದ ವಿಶಾಖಾ ಓದಿ ಪಾರಾಗಿದ್ದಳು. ಆ ಮಾತಿನಿಂದ ಪಾರಾಗಿರಲಿಲ್ಲ.

ಮರುದಿನ ಭಾನುವಾರ. ಸಂತೆಯಿಂದ ಎಳೆಯ ಪುಂಡಿಸೊಪ್ಪು ತಂದು, ಬೆಳ್ಳುಳ್ಳಿ ಜಜ್ಜಿ ಹಾಕಿ, ಪಲ್ಯ ಮಾಡಿದಳು. ಇನ್ನೂ ವಾಪಸು ಕೊಡದ ಬೇಗಂಳ ಬಟ್ಟಲಿಗೆ, ರುಚಿಯನ್ನೂ ನೋಡದೆ, ಹಾಕಿದಳು. ಇಳಿಹೊತ್ತಿಗೆ ಚೀಲವನ್ನೂ ಬಟ್ಟಲನ್ನೂ ಹಿಡಿದು ಕೆಳಗಿಳಿದಳು.

"ಬೇಗಂ, ನಾನು ಗೆಸ್ಟ್ ಅಲ್ರಿ, ಪರ್ಮನೆಂಟ್ ಟೀಚರ್. ಪಗಾರ ಸರಿಯಾಗಿ ಬರ್ತದ. ಹಿಂಗ ಇರೋದು ನನಗ ಸೇರ್ತದ, ಅದಕ್ಕ ಹಿಂಗಿದ್ದೀನಿ. ಈ ಚೀಲ ಇಲ್ಲದವರಿಗೆ ಕೊಡ್ರಿ." ಉಸಿರೆಳೆದುಕೊಂಡು ಉಳಿದದ್ದನ್ನೂ ಹೇಳಿದಳು. "ಬಟ್ಟಲ ಯಾಕ ಖಾಲಿ ಕೊಡ್ತಿದ್ದೆ ಅಂದ್ರ, ನಮ್ಮ ಕೇರಿ ಅಡಿಗಿ ಊರಾಗ ಯಾರೂ ಉಣ್ತಿದ್ದಿಲ್ಲ. ಕೋಳಿಗೆ ಹಾಕ್ತಿದ್ರು. ಇವತ್ತ ಹಾಕಿ ತಂದೀನಿ. ಉಣ್ಣೋದು ಬಿಡೋದು ನಿಮಗ ಬಿಟ್ಟಿದ್ದು."

ಬೇಗಂ ಮುಖ ಕೆಂಪಾಯಿತು. ಚೀಲವನ್ನು ನೋಡಿದಳು, ಬಟ್ಟಲನ್ನು ನೋಡಿದಳು. "ರೋಜಾ ಅದ ನಂದು, ಉಪಾಸ," ಎಂದಷ್ಟೇ ಹೇಳಿ, ಬಟ್ಟಲನ್ನು ಗೋಡೆಯ ಗೂಡಿನಲ್ಲಿಟ್ಟು, ಬಳೆ ಕೊಳ್ಳಲು ಬಂದವರ ಕಡೆ ತಿರುಗಿದಳು.

ಮುಗಿಯಿತು ಎಂದುಕೊಂಡಳು ವಿಶಾಖಾ. ಮೇಲೆ ಬಂದು ಬಾಗಿಲಲ್ಲಿ ಕೂತಳು. ಎಂದೂ ದೊಡ್ಡದೆನಿಸದ ಕೋಣೆ ಆ ಸಂಜೆ ಬಿಕೋ ಎನ್ನುತ್ತಿತ್ತು. ಹೊತ್ತು ಮುಳುಗಿತು, ಮಸೀದಿಯಿಂದ ಅಜಾನ್ ಕೇಳಿಸಿತು. ಕೆಳಗೆ ನೀರು ಕುಡಿದ ಸದ್ದು, ತಾಟಿನ ಸದ್ದು. ಆಮೇಲೆ ಏನೂ ಇಲ್ಲ. ಅಂಗಳದ ಆಚೆ ಬೇಗಂ ಸಾಕಿದ ಕೋಳಿಗಳು ಗೂಡು ಸೇರಲು ಕಿತ್ತಾಡುತ್ತಿದ್ದವು. ವಿಶಾಖಾ ಕಿವಿ ಮುಚ್ಚಿಕೊಂಡಳು.

ಮುಚ್ಚಿದ ಕಿವಿಯನ್ನೂ ಸೀಳಿಕೊಂಡು ಬಂತು ಬೇಗಂಳ ದನಿ, ಇಡೀ ಓಣಿಗೆ ಕೇಳುವಂತೆ:

"ಟೀಚರಮ್ಮಾ! ಇದೇನ್ ಪಲ್ಯ ಮಾಡೀರ್ರೀ, ಉಪ್ಪೇ ಇಲ್ಲ! ಉಪ್ಪಿನಾಗೂ ಉಳಿತಾಯ ಮಾಡ್ತಾರೇನ್ರಿ ಯಾರರ? ಅರ್ಧ ತಿಂದ ಮ್ಯಾಲೆ ಗೊತ್ತಾತು ನನಗ! ಕೆಳಗ ಬರ್ರಿ, ನನ್ನ ಮೊಣಕಾಲು ಇವತ್ತ ಏಳಂಗಿಲ್ಲ!"

ಹೊರಗಿನವರು ಯಾರೂ ಅವಳ ಅಡುಗೆಯಲ್ಲಿ ಈವರೆಗೆ ತಪ್ಪು ಹುಡುಕಿರಲಿಲ್ಲ. ತಪ್ಪು ಹುಡುಕಬೇಕಾದರೆ ಮೊದಲು ಉಣ್ಣಬೇಕಲ್ಲ. ವಿಶಾಖಾ ಕಣ್ಣೊರೆಸಿಕೊಳ್ಳದೆಯೇ ದಡದಡ ಮೆಟ್ಟಿಲಿಳಿದಳು.