ಏಕಾದಶಿಯ ಗುಳಿಗೆಗಳು

ನಮ್ಮಂಥವರಿಗೆ ದಿನವೂ ಅರ್ಧ ಏಕಾದಶಿಯೇ. ಕಿಡ್ನಿ ಕೈಕೊಟ್ಟು ಮೂರು ವರ್ಷವಾಯಿತು. ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿಲ್ಲ, ಬಾಳೆಹಣ್ಣು ಮುಟ್ಟುವಂತಿಲ್ಲ, ಎಳನೀರಿನ ಗಾಡಿ ಕಂಡರೆ ಮುಖ ಆಚೆ ತಿರುಗಿಸಬೇಕು. ಹೀಗಿರುವಾಗ ತಿಂಗಳಿಗೆ ಎರಡು ಸಲ ನಿಜವಾದ ಏಕಾದಶಿ ಮಾಡುವುದು ನನಗೇನು ಭಾರವಲ್ಲ. ಹನ್ನೆರಡನೆಯ ವಯಸ್ಸಿನಿಂದ ಬಿಟ್ಟವಳಲ್ಲ. ಆ ದಿನ ಅನ್ನವಿಲ್ಲ, ನೀರಿಲ್ಲ, ಗುಳಿಗೆಯೂ ಇಲ್ಲ. ಆಸ್ಪತ್ರೆಯವರು ಕೇಳಲಿಲ್ಲ, ನಾನು ಹೇಳಲಿಲ್ಲ.

ನಾನು ಚಿತ್ತವಾಡ್ಗಿಯ ಸೀತಾಬಾಯಿ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆಟೋ ಹಿಡಿದು ಡಯಾಲಿಸಿಸ್‌ಗೆ ಹೋಗುತ್ತೇನೆ. ನಾಲ್ಕು ಗಂಟೆ ಮಷೀನಿಗೆ ಕೈ ಕೊಟ್ಟು ಮಲಗಬೇಕು. ಪಕ್ಕದ ಮಂಚ ಗಾದಿಗನೂರಿನ ಚೆನ್ನಬಸಮ್ಮನದು. ಅವಳ ಗಂಡ ಉಚ್ಚೆಂಗಪ್ಪ ಅದಿರು ಲಾರಿಗಳಿಗೆ ತಾಡಪಾಲು ಕಟ್ಟುವ ಕೆಲಸದವನು. ಹೆಂಡತಿಯನ್ನು ಮೊದಲ ಬಸ್ಸಿಗೆ ಕರೆತಂದು ಕೂಡಿಸಿ, ಹೊರಗೆ ಬೆಂಚಿನ ಮೇಲೆ ನಿದ್ದೆ ಮಾಡುತ್ತಿದ್ದ. ಎರಡು ವರ್ಷ ನಮ್ಮಿಬ್ಬರ ರಕ್ತ ಅಕ್ಕಪಕ್ಕದಲ್ಲೇ ಹೊರಗೆ ಹೋಗಿ ಒಳಗೆ ಬಂದಿದೆ. ಒಡಹುಟ್ಟಿದವರಲ್ಲೂ ಅಷ್ಟು ನಂಟು ನಾನು ಕಂಡಿಲ್ಲ.

ನಮ್ಮ ಎದುರಿನ ಮಂಚದಲ್ಲಿ ಅಂದಾನಪ್ಪ ಎಂಬುವವರಿದ್ದರು. ಒಂದು ದಿನ ಮಷೀನಿಗೆ ಹಚ್ಚಿದ್ದಾಗಲೇ ಒಗ್ಗರಣೆ ಮಂಡಕ್ಕಿಯ ಬಗ್ಗೆ ಏನೋ ಹೇಳುತ್ತಿದ್ದವರು ಅರ್ಧ ಮಾತಿಗೆ ನಿಂತರು. ಹೃದಯವೇ ನಿಂತಿತ್ತು. ಡಯಾಲಿಸಿಸ್‌ನವರು ಹೆಚ್ಚಾಗಿ ಹೀಗೆಯೇ ಹೋಗುತ್ತಾರಂತೆ. ಅಂದಿನಿಂದ ನನಗೆ ಒಂದೇ ಭಯ. ಮಲಗಿದಾಗಲೆಲ್ಲ ಎದೆಯ ಬಡಿತ ಎಣಿಸುವುದೇ ನನ್ನ ಜಪವಾಯಿತು.

ಆಗ ಆ ಔಷಧಿಯ ಪರೀಕ್ಷೆ ಬಂತು. ಹೃದಯ ನಿಲ್ಲದಂತೆ ಕಾಯುವ ಗುಳಿಗೆ. ಡಯಾಲಿಸಿಸ್‌ನವರಿಗೆ ಕೆಲಸ ಮಾಡುತ್ತದೆಯೋ ಇಲ್ಲವೋ ನೋಡಬೇಕಂತೆ. ಅದನ್ನು ನಡೆಸುವ ಹುಡುಗಿ ಅಪೇಕ್ಷಾ ಒಂದು ಗಂಟೆ ಕೂತು ತಿಳಿಸಿ ಹೇಳಿದಳು. ಅರ್ಧ ಜನರಿಗೆ ಅಸಲಿ ಗುಳಿಗೆ, ಅರ್ಧ ಜನರಿಗೆ ನೋಡಲು ಅದರಂತೆಯೇ ಇರುವ ನಕಲಿ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿರುವುದಿಲ್ಲ. ಅಸಲಿ ಗುಳಿಗೆ ರಕ್ತದಲ್ಲಿ ಪೊಟ್ಯಾಸಿಯಂ ಏರಿಸಬಹುದು, ಅದು ಏರಿದರೆ ಹೃದಯಕ್ಕೇ ಕುತ್ತು. ಒಂದು ಮಾತನ್ನು ಅವಳು ಎರಡೆರಡು ಸಲ ಹೇಳಿದಳು.

"ಕಾಲು ಸೋತ್ರ, ನಾಲಿಗಿ ದಪ್ಪಾದಂಗಾದ್ರ ಒಂದು ತಾಸೂ ಕಾಯಬ್ಯಾಡ್ರಿ. ಯಾವ ಹೊತ್ತಿನಾಗಾದ್ರೂ ಫೋನ್ ಮಾಡ್ರಿ."

ನಾನು ಓದಿ ಸಹಿ ಹಾಕಿದೆ. ಚೆನ್ನಬಸಮ್ಮ ಓದಿಸಿ ಕೇಳಿ ಹೆಬ್ಬೆಟ್ಟು ಒತ್ತಿದಳು. ರಕ್ತ ತೆಗೆದು ನೋಡಿದ ಮೇಲೆ ನನ್ನನ್ನು ಸೇರಿಸಿಕೊಂಡರು, ಅವಳನ್ನು ಬಿಟ್ಟರು. ಅವಳಿಗೆ ಪೊಟ್ಯಾಸಿಯಂ ಮೊದಲೇ ಜಾಸ್ತಿ ಇದೆ, ಈ ಗುಳಿಗೆ ಅವಳಿಗೆ ಆಗದು ಎಂದು ಅಪೇಕ್ಷಾ ಹೇಳಿದ್ದು ಪಕ್ಕದಲ್ಲೇ ಇದ್ದ ನನಗೂ ಕೇಳಿಸಿತು. ಚೆನ್ನಬಸಮ್ಮ ನಂಬಲಿಲ್ಲ. ಹೆಬ್ಬೆಟ್ಟಿನವರಿಗೆ ಒಳ್ಳೆಯದನ್ನು ಯಾರು ಕೊಡುತ್ತಾರೆ ಎಂದು ಗೋಡೆಯ ಕಡೆ ಹೊರಳಿದಳು. ಅವಳು ಅತ್ತದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ತಿಂಗಳಿಗೊಮ್ಮೆ ಗುಳಿಗೆ ಡಬ್ಬಿ ವಾಪಸು ಕೊಡಬೇಕು, ಅಪೇಕ್ಷಾ ಎಣಿಸುತ್ತಾಳೆ. ಮೊದಲ ತಿಂಗಳು ನನ್ನ ಡಬ್ಬಿಯಲ್ಲಿ ಎರಡು ಹೆಚ್ಚಿಗೆ ಉಳಿದಿದ್ದವು, ಎರಡು ಏಕಾದಶಿಯವು. ಮರೆತೆ ಎಂದೆ. ಹೀಗೆ ಬಿಡುತ್ತಾ ಹೋದರೆ ಪರೀಕ್ಷೆಯಿಂದ ಹೆಸರು ತೆಗೆಯಬೇಕಾದೀತು ಎಂದು ಅವಳು ಮೆತ್ತಗೇ ಹೇಳಿದಳು. ನನ್ನ ಜೀವ ಹಾರಿತು. ನನ್ನದು ಅಸಲಿಯೇ ಎಂದು ಮನಸ್ಸು ಆಗಲೇ ನಂಬಿತ್ತು; ದಿನವೂ ತುಳಸಿಗೆ ನೀರೆರೆಯುವಾಗ ಅದನ್ನೇ ಬೇಡಿಕೊಳ್ಳುತ್ತಿದ್ದೆ. ಮುಂದಿನ ತಿಂಗಳಿಂದ ಏಕಾದಶಿಯ ಗುಳಿಗೆಗಳನ್ನು ತೆಗೆದು ಹಳೆಯ ಕುಂಕುಮದ ಭರಣಿಯಲ್ಲಿ ಹಾಕತೊಡಗಿದೆ. ಎಣಿಕೆ ಸರಿಹೋಯಿತು. ಅಪೇಕ್ಷಾ ಬೇರೆಯವರಿಗೆಲ್ಲ ಸೀತಾಬಾಯಿಯವರನ್ನು ನೋಡಿ ಕಲಿಯಿರಿ ಎನ್ನುತ್ತಿದ್ದಳು. ನಾನೂ ಹೌದೆನ್ನುವಂತೆ ಕೂತಿರುತ್ತಿದ್ದೆ. ಇದ್ದಲಿಗೆ ಸುಣ್ಣ ಬಳಿಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

ಏಳು ತಿಂಗಳಿಗೆ ಭರಣಿಯಲ್ಲಿ ಹದಿನಾಲ್ಕಾದವು. ಎಸೆಯಲು ಮನಸ್ಸು ಬರಲಿಲ್ಲ. ಒಂದು ಶನಿವಾರ ಅವನ್ನು ಕಾಗದದಲ್ಲಿ ಕಟ್ಟಿ, ಮೇಲೊಂದು ತುಳಸಿ ಕುಡಿ ಇಟ್ಟು, ಚೆನ್ನಬಸಮ್ಮನ ದಿಂಬಿನ ಕೆಳಗೆ ಸರಿಸಿದೆ. ದಿನಕ್ಕೊಂದೇ ತೆಗೆದುಕೊಳ್ಳಬೇಕು, ಯಾರಿಗೂ ಹೇಳಬಾರದು ಎಂದೆ. ಅವಳು ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡಳು. ಅವಳಿಗೆ ಆಗದು ಎಂದ ಮಾತು ನನಗೆ ಆಗ ನೆನಪಾಗಲಿಲ್ಲವೇ? ಆಯಿತು. ಆಸ್ಪತ್ರೆಯವರು ಏನೋ ಒಂದು ನೆಪ ಹೇಳುತ್ತಾರೆ ಎಂದು ಅದನ್ನು ಆಚೆ ತಳ್ಳಿದೆ. ದಾನ ಕೊಡುವ ಸುಖ ಅಷ್ಟಿತ್ತು.

ಮುಂದಿನ ಶನಿವಾರ ಅವಳ ಮುಖ ಕಳೆಕಳೆಯಾಗಿತ್ತು. ಎದೆ ಹಗುರಾಗಿದೆ, ನಿದ್ದೆ ಬರುತ್ತಿದೆ ಎಂದಳು. ಆದರೆ ಮಂಚ ಹತ್ತುವಾಗ ಕಾಲು ಸರಿಯಾಗಿ ಎತ್ತಲಾರದೆ ಕಂಬಿ ಹಿಡಿದು ನಿಂತಳು. ಬಸ್ಸಿನಲ್ಲಿ ನಿಂತು ಬಂದೆ, ಅದಕ್ಕೇ ಎಂದಳು. ಹಾಗೇ ಇರಲಿ ಎಂದು ನಾನು ನನ್ನ ಮಂಚ ಹತ್ತಿದೆ.

ಶನಿವಾರದಿಂದ ಮಂಗಳವಾರದವರೆಗಿನ ಅಂತರವೇ ನಮಗೆ ಕೆಟ್ಟದ್ದು. ಎರಡು ದಿನ ಪೂರ್ತಿ ರಕ್ತ ತೊಳೆಯುವವರಿಲ್ಲ, ಮೈಯ ಕಶ್ಮಲವೆಲ್ಲ ಒಳಗೇ ಏರುತ್ತದೆ. ಆ ಸೋಮವಾರ ಏಕಾದಶಿ. ಹನ್ನೊಂದರ ಸುಮಾರಿಗೆ ಉಚ್ಚೆಂಗಪ್ಪನ ಫೋನು ಬಂತು.

"ಆಕಿ ಕಾಲು ಏಳವಲ್ಲವು ಅಮ್ಮಾರ. ಮಾತಾಡಿದ್ರ ನಾಲಿಗಿ ತೊದಲ್ತೈತಿ. ಈಗ ಕರ್ಕೊಂಡು ಬರ್ಲೇನ್ರಿ?"

ಅಪೇಕ್ಷಾ ಹೇಳಿದ್ದ ಮಾತು ಅಕ್ಷರಕ್ಕಕ್ಷರ ಕಿವಿಯಲ್ಲಿ ನಿಂತಿತು. ಈಗ ಕರೆತಂದರೆ ಏನು ತಿಂದಳೆಂದು ಕೇಳುತ್ತಾರೆ. ಅವಳು ನನ್ನ ಹೆಸರು ಹೇಳುತ್ತಾಳೆ. ನನ್ನ ಹೆಸರು ಪರೀಕ್ಷೆಯಿಂದ ಹೋಗುತ್ತದೆ, ಗುಳಿಗೆ ನಿಲ್ಲುತ್ತದೆ, ಆಮೇಲೆ ಅಂದಾನಪ್ಪನವರ ಹಾಗೆ ಅರ್ಧ ಮಾತಿಗೆ ನಾನು. ಇಷ್ಟೆಲ್ಲ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಲೆಕ್ಕ ಹಾಕಿದೆ. ಉಪವಾಸದ ಬಾಯಿಯಿಂದಲೇ ಹೇಳಿದೆ: "ನಾಳೆ ಹೆಂಗಿದ್ರೂ ಡಯಾಲಿಸಿಸ್ ಐತಲ್ಲಪ್ಪ. ಸುಸ್ತಿರಬೇಕು. ಗಾಬರಿ ಆಗಬ್ಯಾಡ."

ನನ್ನ ಮಾತೆಂದರೆ ಅವನಿಗೆ ವೇದವಾಕ್ಯ. ಸರಿ ಎಂದು ಫೋನಿಟ್ಟ. ಸಂಜೆಯವರೆಗೆ ನಾನು ನಾಲ್ಕು ಸಲ ಫೋನು ಕೈಗೆತ್ತಿಕೊಂಡೆ, ನಾಲ್ಕು ಸಲವೂ ಕೆಳಗಿಟ್ಟೆ.

ಮಂಗಳವಾರ ಪಾರಣೆಯ ತಟ್ಟೆ ಹಾಗೇ ಬಿಟ್ಟು ಹೊರಟೆ. ಆಸ್ಪತ್ರೆಗೆ ಹೋದರೆ ಚೆನ್ನಬಸಮ್ಮನನ್ನು ಆಗಲೇ ಮಷೀನಿಗೆ ಹಚ್ಚಿದ್ದರು, ಎದೆಯ ಮೇಲೆ ವೈರುಗಳು. ಡಾಕ್ಟರ್ ನಾಗಭೂಷಣ ಮಾನಿಟರಿನ ಗೆರೆ ನೋಡುತ್ತಾ, ಪೊಟ್ಯಾಸಿಯಂ ಇಷ್ಟೇಕೆ ಏರಿತು, ಏನು ತಿನ್ನಿಸಿದಿರಿ ಎಂದು ಉಚ್ಚೆಂಗಪ್ಪನನ್ನು ಕೇಳುತ್ತಿದ್ದರು. ಅವನು ಕೈಮುಗಿದು ಏನೂ ಇಲ್ಲ ಎನ್ನುತ್ತಿದ್ದ. ಯಾರಿಗೂ ಹೇಳಬೇಡ ಎಂದು ನಾನು ಹೇಳಿದ್ದ ಮಾತನ್ನು ಗಂಡ ಹೆಂಡತಿ ಇಬ್ಬರೂ ಉಳಿಸಿಕೊಂಡಿದ್ದರು.

ನರ್ಸು ಅವನನ್ನು ಹೊರಗೆ ಕಳಿಸಿದ ಮೇಲೆ ನಾನು ಪರದೆ ಸರಿಸಿ ಒಳಗೆ ಹೋಗಿ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಆಯಾ ಚೆನ್ನಬಸಮ್ಮನ ಸೆರಗಿನ ಗಂಟು ಬಿಚ್ಚಿದಳು. ಹತ್ತು ದಿನಕ್ಕೆ ಹತ್ತು ಹೋಗಿ ನಾಲ್ಕು ಗುಳಿಗೆ ಉಳಿದಿರಬೇಕಿತ್ತು. ಕಾಗದದಲ್ಲಿ ಒಣಗಿದ ತುಳಸಿ ಕುಡಿ ಮಾತ್ರ ಇತ್ತು. ಗುಣ ಕಂಡಿತೆಂದು ಎರಡೆರಡು ನುಂಗಿದ್ದಾಳೆ.

ಡಾಕ್ಟರು ನನ್ನನ್ನು ಬೈಯಲಿಲ್ಲ. ಅಸಲಿಯಾಗಿದ್ದರೆ ಮಷೀನು ತೊಳೆದರೂ ಅದು ಪೊಟ್ಯಾಸಿಯಂ ಅನ್ನು ಮತ್ತೆ ಏರಿಸುತ್ತದೆ, ನಿನ್ನೆಯೇ ಬಂದಿದ್ದರೆ ಬೇರೆ ಮಾತು ಎಂದರು. ಯಾವ ಗುಳಿಗೆಯೆಂದು ಈಗಲೇ ತಿಳಿಯಬೇಕು, ಪರೀಕ್ಷೆಯಲ್ಲಿನ ನನ್ನ ನಂಬರಿನ ಗುಟ್ಟು ಒಡೆಸಿ ಎಂದು ಅಪೇಕ್ಷಾಗೆ ಹೇಳಿದರು. ಅವಳು ಫೋನು ಹಿಡಿದು ಕಾರಿಡಾರಿಗೆ ಓಡಿದಳು.

ಎಂಟು ತಿಂಗಳು ಅಸಲಿಯಾಗಲಿ ಎಂದು ಬೇಡಿಕೊಂಡಿದ್ದವಳು ನಾನು. ಕಾರಿಡಾರಿನ ಗೋಡೆಗೆ ಆನಿಕೊಂಡು, ನಕಲಿಯಾಗಲಿ ಸ್ವಾಮಿ, ಬರೀ ಹಿಟ್ಟಾಗಿರಲಿ, ನನ್ನ ಎದೆ ಹೇಗಾದರೂ ಆಗಲಿ ಎಂದು ಬೇಡಿಕೊಂಡೆ. ಜೀವನದಲ್ಲಿ ಅಷ್ಟು ನಿಜವಾಗಿ ಏನನ್ನೂ ಬೇಡಿಲ್ಲ.

ಅಪೇಕ್ಷಾ ವಾಪಸು ಬಂದಳು. ನನ್ನ ಮುಖ ನೋಡಲಿಲ್ಲ.

"ಅಸಲಿ, ಸರ್."

ಒಂಬತ್ತೂಮುಕ್ಕಾಲಿಗೆ ಚೆನ್ನಬಸಮ್ಮನ ಹೃದಯ ನಿಂತಿತು. ಅರ್ಧ ಗಂಟೆ ಎದೆ ಒತ್ತಿದರು, ಬರಲಿಲ್ಲ.

ಹೊರಗಿನ ಬೆಂಚಿನ ಮೇಲೆ ಉಚ್ಚೆಂಗಪ್ಪ ಅವಳ ಚಪ್ಪಲಿಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ. ನಾನು ಕೊಟ್ಟ ಗುಳಿಗೆಯಿಂದ ಅವಳು ನಾಲ್ಕು ದಿನ ಚೆನ್ನಾಗಿ ನಿದ್ದೆ ಮಾಡಿದಳೆಂದೂ, ನನ್ನ ಋಣ ದೊಡ್ಡದೆಂದೂ ಹೇಳಿದ. ಆ ಗುಳಿಗೆಯೇ ಅವಳನ್ನು ಕೊಂದದ್ದೆಂದು ಅವನಿಗೆ ಇನ್ನೂ ಯಾರೂ ತಿಳಿಸಿರಲಿಲ್ಲ.

"ಆ ಗುಳಿಗಿಯಿಂದಾನ ಹಿಂಗಾತು, ಉಚ್ಚೆಂಗಪ್ಪ," ಎಂದೆ. "ಆಕಿಗೆ ಅದು ಆಗಂಗಿಲ್ಲಂತ ಅವ್ರು ಮೊದಲ ಹೇಳಿದ್ರು. ನಾ ಕೇಳಿದ್ದೆ."

ಅವನು ಚಪ್ಪಲಿಗಳ ಧೂಳು ಒರೆಸಿದ. ಆಮೇಲೆ ದನಿ ಏರಿಸದೆ ಕೇಳಿದ.

"ನಿನ್ನೆ ನಾ ಫೋನ್ ಮಾಡಿದಾಗ ನಿಮಗ ಗೊತ್ತಿತ್ತೇನ್ರಿ?"

ಒಳಗೆ ನರ್ಸು ನನ್ನ ಹೆಸರು ಕೂಗುತ್ತಿದ್ದಳು, ನನ್ನ ಮಷೀನು ತಯಾರಾಗಿತ್ತು.

"ಗೊತ್ತಿತ್ತು" ಎಂದೆ.